ಅಜ್ಜಿಯ ಪೆಟ್ಟಿಗೆ, ಅಣ್ಣನ ಕಲ್ಲು

ಲೋಕಾಪುರ ಅಂದ ಕೂಡಲೇ ನಮ್ಮ ಭಾಗದವರಿಗೆ ನೆನಪಾಗೋದು ಕಲ್ಲು. ಸುಣ್ಣದ ಕಲ್ಲು, ಅದನ್ನು ಹೊತ್ತು ಹಗಲು ರಾತ್ರಿ ಓಡಾಡುವ ಲಾರಿ, ಲಾರಿ ಹೋದ ಮೇಲೆ ಗಿಡದ ಎಲೆ ಮೇಲೆ, ಕಿಟಕಿ ಮೇಲೆ, ಮಾಳಿಗೆಯಲ್ಲಿ ಒಣಹಾಕಿದ ಸಂಡಿಗೆ ಮೇಲೆ ಕೂರುವ ಬಿಳಿ ಧೂಳು. ಭೂವಿಜ್ಞಾನ ಓದಿದವರಿಗೆ ಮಾತ್ರ ನಮ್ಮೂರಿನ ಹೆಸರು ಬೇರೆ ಕಾರಣಕ್ಕೆ ಗೊತ್ತು. ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳ ಕೆಳಗೆ ಹರಡಿರುವ ಬಹಳ ಹಳೆಯ ಶಿಲಾಪದರಗಳನ್ನು ಅವರು ಕಲಾದಗಿ ಶಿಲಾಸಮೂಹ ಅಂತಾರೆ. ಅದರ ಒಂದು ಉಪವಿಭಾಗದ ಹೆಸರೇ ‘ಲೋಕಾಪುರ’. ಬಸ್ ಸ್ಟ್ಯಾಂಡಿನಲ್ಲಿ ಚಹಾ ಕುಡಿಯುತ್ತಾ ನಿಂತವರಿಗೆ ಇದನ್ನು ಹೇಳಿದರೆ ನಕ್ಕುಬಿಡುತ್ತಾರೆ. ನಾನು ಹೇಳಿ ನೋಡಿದ್ದೇನೆ.

ನನ್ನ ಅಣ್ಣ ಗಣಿ ಡಿಪ್ಲೊಮಾ ಮಾಡಿ ಸುಣ್ಣದ ಕಲ್ಲಿನ ಕ್ವಾರಿಯೊಂದರಲ್ಲಿ ಕೆಲಸಕ್ಕಿದ್ದಾನೆ. ನಾನು ಬಾಗಲಕೋಟೆಯಲ್ಲಿ ಬಿ.ಇ. ಮುಗಿಸಿ ಬೆಂಗಳೂರಿಗೆ ಹೋದವನು. ಸಾಫ್ಟ್‌ವೇರ್ ಕೆಲಸ, ತಿಂಗಳಲ್ಲಿ ಹತ್ತು ಹನ್ನೆರಡು ದಿನ ಊರಿಂದಲೇ ಮಾಡುತ್ತೇನೆ. ಊರಿನ ಮನೆಯ ಪಡಸಾಲೆಯಲ್ಲಿ ನನ್ನದೊಂದು ಮೇಜಿದೆ. ಅದರ ಮೇಲೆ ಮೂರು ವಸ್ತು: ಅಜ್ಜಿಯ ಹಳೇ ಬೈಬಲ್, ಅಣ್ಣ ತಂದಿಟ್ಟ ಒಂದು ಕಲ್ಲು, ಹೊಟ್ಟೆ ಬಿಚ್ಚಿಕೊಂಡು ಕೂತಿರುವ ಒಂದು ಪುಟ್ಟ ಕಂಪ್ಯೂಟರ್. ಬಂದವರೆಲ್ಲ ಕೇಳುವ ಪ್ರಶ್ನೆ ಒಂದೇ. “ಇವು ಮೂರೂ ಒಂದ ಟೇಬಲ್ ಮ್ಯಾಲ ಹೆಂಗ ಬಂದ್ವು?”

ಮೊದಲು ಕಲ್ಲಿನ ವಿಷಯ. ಮಾಸಲು ಬೂದು ಬಣ್ಣದ ಡಾಲಮೈಟ್. ಕತ್ತರಿಸಿದ ಮುಖ ನೋಡಿದರೆ ಕೋಸುಗಡ್ಡೆಯನ್ನು ಅಡ್ಡ ಕೊಯ್ದಂತೆ ಪದರದ ಮೇಲೆ ಪದರ, ಗುಬುಟು ಗುಬುಟಾದ ಅಲೆಗಳು. ಇದಕ್ಕೆ ಸ್ಟ್ರೊಮಾಟೊಲೈಟ್ ಅನ್ನುತ್ತಾರೆ. ನಮ್ಮೂರು ಇರುವ ಜಾಗ ಆಳವಿಲ್ಲದ ಸಮುದ್ರವಾಗಿದ್ದಾಗ ತಳದಲ್ಲಿ ಪಾಚಿಯಂಥ ಸೂಕ್ಷ್ಮಜೀವಿಗಳು ಜಮಖಾನೆಯಂತೆ ಹರಡಿಕೊಂಡಿದ್ದವು. ನೀರಿನಲ್ಲಿ ಬಂದ ಸಣ್ಣ ಸಣ್ಣ ಕಣ ಅವುಗಳ ಅಂಟಿಗೆ ಹತ್ತಿಕೊಳ್ಳುತ್ತಿತ್ತು. ಮೇಲೆ ಹೂಳು ಕೂತರೆ ಬಿಸಿಲು ಸಿಗೋದಿಲ್ಲವಲ್ಲ, ಅದಕ್ಕೆ ಜೀವಿಗಳು ಮೇಲೇರಿ ಹೊಸ ಪದರ ಕಟ್ಟುತ್ತಿದ್ದವು. ಮತ್ತೆ ಹೂಳು, ಮತ್ತೆ ಪದರ. ನೂರು ಕೋಟಿ ವರ್ಷಕ್ಕೂ ಹಿಂದಿನ ಮಾತಿದು. ಆಗ ಮೀನಿಲ್ಲ, ಮರವಿಲ್ಲ, ಹುಲ್ಲಿನ ಎಸಳೂ ಇಲ್ಲ. ನಾವೀಗ ಉಸಿರಾಡುವ ಆಮ್ಲಜನಕವನ್ನು ಭೂಮಿಯ ಗಾಳಿಗೆ ಮೊದಲು ಬೆರೆಸಿದ್ದು ಇಂಥ ಜೀವಿಗಳೇ. ಪಶ್ಚಿಮ ಆಸ್ಟ್ರೇಲಿಯಾದ ಶಾರ್ಕ್ ಬೇ ಎಂಬಲ್ಲಿ ಇವುಗಳ ಬಂಧುಗಳು ಇವತ್ತಿಗೂ ಬದುಕಿ ಹೀಗೇ ಕಲ್ಲು ಕಟ್ಟುತ್ತಿವೆ. ನಮ್ಮಲ್ಲಿ ಸತ್ತು ಕಲ್ಲಾದವು.

ಇನ್ನು ಬೈಬಲ್. ನಮ್ಮ ಹಿರಿಯರು ಗುಳೇದಗುಡ್ಡದ ಕಡೆಯ ನೇಕಾರರು. ಖಣ ನೇಯುವ ಆ ಊರಿಗೆ 1851ರಲ್ಲೇ ಬಾಸೆಲ್ ಮಿಷನ್ ಬಂದಿತ್ತು. ಧಾರವಾಡ, ಹುಬ್ಬಳ್ಳಿ, ಬೆಟಗೇರಿ ಆದ ಮೇಲೆ ನಮ್ಮ ಸೀಮೆಗೆ ಅವರು ಹಾಕಿದ ಹೆಜ್ಜೆ ಅದು. ನಮ್ಮ ಮನೆತನ ಯಾವ ತಲೆಮಾರಿನಲ್ಲಿ ಕ್ರೈಸ್ತರಾದರು ಅನ್ನೋದನ್ನು ಅಜ್ಜಿ ಪ್ರತಿ ಸಲ ಒಂದೊಂದು ತರ ಹೇಳುತ್ತಾಳೆ. ಲೋಕಾಪುರಕ್ಕೆ ಬಂದಿದ್ದು ಅಪ್ಪನ ನೌಕರಿಯಿಂದ. ಅಪ್ಪ ಪ್ರಾಥಮಿಕ ಶಾಲೆಯ ಮಾಸ್ತರರಾಗಿದ್ದವರು, ಈಗ ನಿವೃತ್ತರು. ನಮ್ಮ ಓಣಿಯಲ್ಲಿ ಕ್ರಿಸ್‌ಮಸ್ ನಕ್ಷತ್ರ ತೂಗುವುದು ನಮ್ಮದೊಂದೇ ಮನೆ. ಆದರೆ ಅದರ ಬಲ್ಬ್ ಕೆಟ್ಟರೆ ಮೊದಲು ಬಂದು ಹೇಳುವವರು ಎದುರು ಮನೆಯ ಭಜನಾ ಮಂಡಳಿಯ ಕಾಕಾ.

ಅಜ್ಜಿಗೆ ಈಗ ಎಂಬತ್ತೇಳು. ಅಕ್ಷರ ಕಲಿತಿದ್ದೇ ಬೈಬಲ್ ಓದೋಕೆ. ಮೂರು ವರ್ಷದ ಹಿಂದೆ ಕಣ್ಣಿನ ನಡುಭಾಗ ಮಸುಕಾಗತೊಡಗಿತು. ಪೊರೆ ಅಂದುಕೊಂಡು ಕರೆದುಕೊಂಡು ಹೋದೆವು. ಡಾಕ್ಟರು ಅಕ್ಷಿಪಟಲದ ಮಧ್ಯದ ಭಾಗ ಸವೆದಿದೆ ಅಂದರು. ವಯಸ್ಸಾದವರಲ್ಲಿ ಬರುವಂಥದ್ದು. ಇದು ಒಂಥರಾ ವಿಚಿತ್ರ ಕುರುಡು. ಅಂಚಿನಲ್ಲಿ ಇರೋದು ಕಾಣುತ್ತದೆ, ನೇರ ನೋಡಿದ್ದು ಕಾಣೋದಿಲ್ಲ. ಬಾಗಿಲು ಕಾಣುತ್ತದೆ, ಬಂದವರ ಮುಖ ಕಾಣೋದಿಲ್ಲ. ಪುಸ್ತಕ ಕಾಣುತ್ತದೆ, ಅಕ್ಷರ ಇಲ್ಲ. ಬೆಳಗ್ಗೆ ಐದಕ್ಕೆ ಎದ್ದು ರೂಢಿಯಂತೆ ಪುಸ್ತಕ ತೆರೆದು ತೊಡೆ ಮೇಲಿಟ್ಟುಕೊಂಡು ಸುಮ್ಮನೆ ಕೂರುತ್ತಿದ್ದಳು. ಪುಟ ಮಾತ್ರ ತಿರುವುತ್ತಿದ್ದಳು.

ಮೊಬೈಲಿನಲ್ಲಿ ಆಡಿಯೋ ಬೈಬಲ್ ಹಾಕಿಕೊಟ್ಟೆ. ಎರಡು ಕಾರಣಕ್ಕೆ ನಡೆಯಲಿಲ್ಲ. ಗಾಜಿನ ಪರದೆ ಅವಳ ಬೆರಳಿಗೆ ಒಗ್ಗಲಿಲ್ಲ; ಎಲ್ಲಿ ಮುಟ್ಟಿದರೂ ಇನ್ನೇನೋ ತೆರೆದುಕೊಳ್ಳುತ್ತಿತ್ತು. ಎರಡನೆಯದು ಇನ್ನೂ ದೊಡ್ಡದು: ಅದರಲ್ಲಿದ್ದದ್ದು ಹೊಸ ಅನುವಾದ. ಎಪ್ಪತ್ತು ವರ್ಷ ಹಳೆಯ ಅನುವಾದದ ಮಾತುಗಳನ್ನೇ ಬಾಯಿಪಾಠ ಮಾಡಿದವಳಿಗೆ ಅದು ಪಕ್ಕದ ಮನೆಯವರು ಮಾಡಿದ ಸಾರಿನ ಹಾಗೆ. ರುಚಿ ಇದೆ, ನಮ್ಮನೆಯದಲ್ಲ.

ಹೀಗೆ ಮೇಜಿನ ಮೇಲಿನ ಮೂರನೆಯ ವಸ್ತು ಕೆಲಸಕ್ಕೆ ಬಂತು. ರಾಸ್‌ಬೆರಿ ಪೈ ಅಂತ ಎಟಿಎಂ ಕಾರ್ಡಿನಷ್ಟು ಅಗಲದ ಕಂಪ್ಯೂಟರ್. ಮಕ್ಕಳು ಕಂಪ್ಯೂಟರನ್ನು ಬರೀ ಬಳಸದೆ ಬಿಚ್ಚಿ ಕಟ್ಟಿ ಕಲಿಯಲಿ ಅಂತ ಇಂಗ್ಲೆಂಡಿನ ಕೇಂಬ್ರಿಜ್‌ನವರು 2012ರ ಫೆಬ್ರವರಿ 29ರಂದು ಹೊರತಂದಿದ್ದು. ಆಗ ಅದರ ಬೆಲೆ 35 ಡಾಲರ್. ನನ್ನದು 2016ರ ಮಾದರಿ, ಕಾಲೇಜಿನ ಕೊನೇ ವರ್ಷ ಮೂವರು ಗೆಳೆಯರು ದುಡ್ಡು ಕೂಡಿಸಿ ಕೊಂಡದ್ದು. ಅವರಿಬ್ಬರಿಗೂ ಮದುವೆಯಾದ ಮೇಲೆ ಅದು ಪೂರ್ತಿ ನನ್ನದಾಯಿತು.

ಅಜ್ಜಿಯ ಪೆಟ್ಟಿಗೆ ಮಾಡಿದ್ದು ಹೇಗೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಮನೆಯಲ್ಲಿ ಇಂಥ ಹಿರಿಯರಿರುವ ಓದುಗರಿಗೆ ಉಪಯೋಗಕ್ಕೆ ಬರಬಹುದು. ಹೊರಗಿನ ಡಬ್ಬಿ ಊರಿನ ಬಡಿಗೇರರು ಮಾಡಿಕೊಟ್ಟ ಸಾಗವಾನಿಯದು. ಮೇಲೆ ಮೂರು ಗುಂಡಿ, ವಿಡಿಯೋ ಗೇಮ್ ಅಂಗಡಿಯಲ್ಲಿರುವಂಥ ದಪ್ಪನೆಯವು, ಒತ್ತಿದರೆ ಟಕ್ ಅನ್ನಬೇಕು. ಹಸಿರು ಒತ್ತಿದರೆ ಓದು ಶುರು, ಮತ್ತೆ ಒತ್ತಿದರೆ ನಿಲ್ಲುತ್ತದೆ. ಕೆಂಪು ಒತ್ತಿದರೆ ಒಂದು ಅಧ್ಯಾಯ ಹಿಂದೆ, ಒತ್ತಿ ಹಿಡಿದರೆ ಮುಂದಿನ ಗ್ರಂಥ. ಹಳದಿಯ ಕತೆ ಆಮೇಲೆ. ಗುಂಡಿಗಳನ್ನು ಡಬ್ಬಿಯ ಅಂಚಿಗೆ ಕೂರಿಸಿದೆ. ಅವಳಿಗೆ ಕಾಣುವುದೇ ಅಂಚು.

ಗುಂಡಿ ಒತ್ತುವುದು ನಮಗೆ ಒಂದು ಸಲದ ಕೆಲಸ. ಕಂಪ್ಯೂಟರಿಗೆ ಹಾಗಲ್ಲ. ಒಳಗಿನ ಲೋಹದ ಪಟ್ಟಿ ಒಂದಕ್ಕೊಂದು ತಾಗುವಾಗ ಕೆಲವು ಮಿಲಿಸೆಕೆಂಡು ನಡುಗುತ್ತದೆ. ಒಂದು ಸಲ ಒತ್ತಿದ್ದು ಐದು ಸಲ ಒತ್ತಿದಂತೆ ಕಾಣುತ್ತದೆ. ಇದರ ಮೇಲೆ ಅಜ್ಜಿಯ ಕೈ ನಡುಕ ಬೇರೆ. ಒಮ್ಮೆ ಒತ್ತಿದ ಮೇಲೆ ಅರ್ಧ ಸೆಕೆಂಡು ಏನೇ ಬಂದರೂ ಕಿವಿಗೆ ಹಾಕಿಕೊಳ್ಳಬೇಡ ಅಂತ ಪ್ರೋಗ್ರಾಂ ಬರೆದೆ. ಕರೆಂಟ್ ಇನ್ನೊಂದು ತಲೆನೋವು. ನಮ್ಮಲ್ಲಿ ಕರೆಂಟ್ ಹೋಗುವಾಗ ಹೇಳಿ ಹೋಗೋದಿಲ್ಲ. ಮೆಮೊರಿ ಕಾರ್ಡಿನಲ್ಲಿ ಬರೆಯುತ್ತಿರುವಾಗ ಹೋದರೆ ಕಾರ್ಡೇ ಕೆಡಬಹುದು. ಅದಕ್ಕೆ ಕಾರ್ಡನ್ನು ಓದುವುದಕ್ಕೆ ಮಾತ್ರ ಅಂತ ಬೀಗ ಹಾಕಿ, ಎಲ್ಲಿಯವರೆಗೆ ಕೇಳಿದಳು, ಯಾವ ಗುಂಡಿ ಯಾವಾಗ ಒತ್ತಿದಳು ಅನ್ನುವುದನ್ನು ಮಾತ್ರ ಒಂದು ಸಣ್ಣ ಪೆನ್ ಡ್ರೈವಿನಲ್ಲಿ ಬರೆಯಿಸಿದೆ. ಪೈಗೆ ಸ್ವಂತ ಗಡಿಯಾರ ಇಲ್ಲ, ಇಂಟರ್ನೆಟ್ ಕೇಳಿ ಸಮಯ ತಿಳಿದುಕೊಳ್ಳುತ್ತದೆ. ನಮ್ಮನೆ ಇಂಟರ್ನೆಟ್ಟಿನ ಮೇಲೆ ಅಷ್ಟು ಭರವಸೆ ಇಡಲಾಗದೆ ಗುಂಡಿ ಸೆಲ್ಲಿನ ಒಂದು ಗಡಿಯಾರದ ಚಿಪ್ ಜೋಡಿಸಿದೆ.

ಯಂತ್ರ ಆಯಿತು. ಓದುವವರು ಯಾರು? ಕಂಪ್ಯೂಟರೇ ಕನ್ನಡ ಓದುವ ಈ-ಸ್ಪೀಕ್ ಅನ್ನುವ ಉಚಿತ ತಂತ್ರಾಂಶವಿದೆ. ಹಳೆಯ ಅನುವಾದದ ಒಂದು ಕೀರ್ತನೆಯನ್ನು ಟೈಪ್ ಮಾಡಿ ಓದಿಸಿದೆ. ಅಜ್ಜಿ ಎರಡು ನಿಮಿಷ ತಾಳ್ಮೆಯಿಂದ ಕೇಳಿದಳು.

“ಯಾರ್ ತಮ್ಮಾ ಇಂವಾ? ಗಂಟಲಾಗ ಕಡ್ಲಿ ಸಿಕ್ಕೊಂಡಾವೇನ?”

“ಅಂವಾ ಮನಷ್ಯಾ ಅಲ್ಲಜ್ಜಿ, ಮಷೀನು.”

“ಹಂಗಾರ ಮಷೀನಿಗಿ ಯಾಕ ತ್ರಾಸ ಕೊಡ್ತಿ? ಮನ್ಯಾಗ ಇಷ್ಟ ಮಂದಿ ಅದೀರಿ.”

ಅಲ್ಲಿಗೆ ತೀರ್ಮಾನವಾಯಿತು. ನಾವೇ ಓದಬೇಕು. ಪ್ರೊಟೆಸ್ಟಂಟ್ ಬೈಬಲಿನಲ್ಲಿ 66 ಗ್ರಂಥ, ಒಟ್ಟು 1,189 ಅಧ್ಯಾಯ: ಹಳೆಯ ಒಡಂಬಡಿಕೆಯಲ್ಲಿ 929, ಹೊಸದರಲ್ಲಿ 260. ದಿನಕ್ಕೆ ಮೂರು ಓದಿದರೂ ವರ್ಷ ಮೀರುತ್ತದೆ. ಜಾಗದ ಚಿಂತೆ ಇರಲಿಲ್ಲ. ಮಾತಿಗೆ ಹಾಡಿನಷ್ಟು ಗುಣಮಟ್ಟ ಬೇಕಿಲ್ಲ, ಒಂದು ತಾಸಿನ ಓದು 29 ಎಂಬಿಯಲ್ಲಿ ಕೂರುತ್ತದೆ. ಮೈಕ್ ಕೊಟ್ಟವರು ಭಜನಾ ಮಂಡಳಿಯ ಕಾಕಾ. “ದೇವರ ಹೆಸರಿನ ಕೆಲಸಾ, ಬಾಡಿಗಿ ಹೆಂಗ ತಗೊಳ್ಳೂದು?” ಅಂದರು. ಮಂಚದ ಮೇಲಿನ ಗಾದಿಯನ್ನು ಗೋಡೆಗೆ ನಿಲ್ಲಿಸಿ, ಮೇಲೆ ಕಂಬಳಿ ಇಳಿಬಿಟ್ಟು, ಅದರೊಳಗೆ ಕೂತು ಓದುವುದು. ಏಪ್ರಿಲ್ ತಿಂಗಳಲ್ಲಿ ಲೋಕಾಪುರದಲ್ಲಿ ಕಂಬಳಿಯೊಳಗೆ ಕೂತು ಯಾಜಕಕಾಂಡ ಓದುವುದು ಅಂದರೆ ಏನು ಅಂತ ಅನುಭವಿಸಿದವನಿಗೇ ಗೊತ್ತು.

ಅವ್ವ ಕೀರ್ತನೆಗಳನ್ನು ತೆಗೆದುಕೊಂಡಳು, 150ನ್ನೂ. ಅಪ್ಪ ಸುವಾರ್ತೆಗಳು, ಪತ್ರಿಕೆಗಳು. ಹುಬ್ಬಳ್ಳಿಯ ಅತ್ತೆ ವಾಟ್ಸಾಪಿನಲ್ಲಿ ಕಳಿಸುತ್ತಾಳೆ, ಅವಳ ಪ್ರತಿ ಅಧ್ಯಾಯದ ಹಿಂದೆ ಕುಕ್ಕರ್ ಸೀಟಿ ಇರುತ್ತದೆ. ಹೊಸ ಅಧ್ಯಾಯ ಬಂದಾಗ ಅದು ಮೊದಲು ಕೇಳಬೇಕು ಅಂತ ಅಜ್ಜಿಯ ಹಟ, ಹಳದಿ ಗುಂಡಿ ಅದಕ್ಕೇ: ಇತ್ತೀಚೆಗೆ ಯಾವುದನ್ನು ಸೇರಿಸಿದೆವೋ ಅದನ್ನು ಹಾಡುತ್ತದೆ. ಮುಖ ಕಾಣದ ಅವಳಿಗೆ ಈಗ ನಾವೆಲ್ಲ ದನಿಗಳು. ಹೀಗಿರುವಾಗ ಒಂದು ದಿನ ಸಹಜವಾಗಿಯೇ ಕೇಳಿದಳು. “ಎಲ್ಲಾರೂ ಓದಿದ್ರಿ. ದೊಡ್ಡಾಂವ ಯಾಕ ಓದವಲ್ಲ?”

ದೊಡ್ಡಾಂವ ಅಂದರೆ ಅಣ್ಣ. ಪಡಸಾಲೆಯಲ್ಲಿ ಒಂದು ಕ್ಷಣ ಯಾರೂ ಮಾತಾಡಲಿಲ್ಲ.

ಅಣ್ಣ ದೇವಾಲಯಕ್ಕೆ ಹೋಗುವುದು ಬಿಟ್ಟು ಇಪ್ಪತ್ತು ವರ್ಷವಾಗುತ್ತ ಬಂತು. ಎಂಟನೆಯ ತರಗತಿಯಲ್ಲಿದ್ದಾಗ ಇಂಥದ್ದೇ ಒಂದು ಪದರದ ಕಲ್ಲನ್ನು ಭಾನುವಾರದ ಮಕ್ಕಳ ತರಗತಿಗೆ ಒಯ್ದಿದ್ದ. ಇದು ಇಷ್ಟು ಹಳೇದು ಅಂತ ಪುಸ್ತಕದಲ್ಲಿ ಓದಿದೆ, ಆರು ದಿನದ ಸೃಷ್ಟಿಯಲ್ಲಿ ಇದು ಎಲ್ಲಿ ಬರುತ್ತದೆ ಅಂತ ಕೇಳಿದ. ಕಲಿಸುತ್ತಿದ್ದವರು ಕಲ್ಲನ್ನು ಹೊರಗಿಟ್ಟು ಬಾ ಅಂದರು. ಅವನು ಇಡಲು ಹೋದವನು ಒಳಗೆ ಬರಲಿಲ್ಲ. ಅಪ್ಪ ಬೈದರು, ಹೊಡೆದರು, ಆಮೇಲೆ ಸುಮ್ಮನಾದರು. ಶಾಲೆಯಲ್ಲಿ ಅದೇ ಅಪ್ಪ ಮಕ್ಕಳಿಗೆ ವಿಜ್ಞಾನ ಕಲಿಸುತ್ತಿದ್ದರು ಅನ್ನುವುದು ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಆಡಲಿಲ್ಲ. ಊಟ, ಹೊಲ, ಹಬ್ಬ, ಎಲ್ಲದರ ಬಗ್ಗೆ ಮಾತಿದೆ, ಇದೊಂದರ ಬಗ್ಗೆ ಇಲ್ಲ. ಅಂಥ ಮೌನದ ಮನೆಗಳು ನಮ್ಮಲ್ಲಿ ಬಹಳ, ಧರ್ಮ ಯಾವುದೇ ಇರಲಿ.

ಈಗ ಅಣ್ಣನ ಮಗಳಿಗೂ ಎಂಟನೆಯ ತರಗತಿ. ಅಜ್ಜಿಯ ಪೆಟ್ಟಿಗೆಗೆ ವೈರು ಹಿಡಿದು ಕೊಟ್ಟವಳು ಅವಳೇ, ಬೆಸುಗೆ ಹಾಕುವುದರಲ್ಲಿ ನನಗಿಂತ ಕೈ ಚೊಕ್ಕ. ಮೇಜಿನ ಮೇಲೆ ಕಲ್ಲನ್ನೂ ಬೈಬಲನ್ನೂ ಒಟ್ಟಿಗೆ ನೋಡಿ ಅವಳು ಕೇಳಿದಳು. “ಕಾಕಾ, ಕಲ್ಲಿಗಿ ನೂರ್ ಕೋಟಿ ವರ್ಷ ಅಂದ್ರ, ಆರ್ ದಿನಾ ಅನ್ನೂದು ಸುಳ್ಳೇನು?” ಅದೇ ಪ್ರಶ್ನೆ, ಅದೇ ವಯಸ್ಸು. ಇವಳಿಗೂ ಕಲ್ಲು ಹೊರಗಿಟ್ಟು ಬಾ ಅಂದರೆ ಇವಳೂ ಹೋಗುತ್ತಾಳೆ. ಸುಮ್ಮನಿದ್ದರೂ ಹೋಗುತ್ತಾಳೆ.

ಉತ್ತರ ಕೊಡುವ ಮೊದಲು ಇಬ್ಬರೂ ಕೂತು ಒಂದು ಲೆಕ್ಕ ಮಾಡಿದೆವು. ಭೂಮಿಯ ವಯಸ್ಸು ಸುಮಾರು 454 ಕೋಟಿ ವರ್ಷ. ಅದನ್ನು ನಮ್ಮ 1,189 ಅಧ್ಯಾಯಗಳಿಗೆ ಹಂಚಿದರೆ ಒಂದು ಅಧ್ಯಾಯಕ್ಕೆ 38 ಲಕ್ಷ ವರ್ಷ ಬರುತ್ತದೆ. ಹೊಸ ಒಡಂಬಡಿಕೆ ಪೂರ್ತಿ ಸೇರಿ ಹತ್ತಿರ ಹತ್ತಿರ ನೂರು ಕೋಟಿ. ಅಂದರೆ ಮೇಜಿನ ಮೇಲಿನ ಲೋಕಾಪುರದ ಕಲ್ಲು ಇನ್ನೂ ಹಳೆಯ ಒಡಂಬಡಿಕೆಯಲ್ಲೇ ಇದೆ! ಡೈನೋಸಾರ್‌ಗಳು ಅಳಿದದ್ದು, ದಖ್ಖನ್ನಿನ ಲಾವಾ ಉಕ್ಕಿ ಮುಧೋಳ, ಜಮಖಂಡಿಯ ಎರೆ ಭೂಮಿಗೆ ಕಚ್ಚಾ ಸಾಮಾನು ಸಿಕ್ಕಿದ್ದು 6.6 ಕೋಟಿ ವರ್ಷದ ಹಿಂದೆ; ಅದು ಕಟ್ಟಕಡೆಯ ಗ್ರಂಥವಾದ ಪ್ರಕಟನೆಯ ಐದನೆಯ ಅಧ್ಯಾಯದ ಕೊನೆಗೆ ಬರುತ್ತದೆ. ಮನುಷ್ಯ? ಪ್ರಕಟನೆಯ ಕೊನೆಯ ಅಧ್ಯಾಯದಲ್ಲಿ 21 ವಚನಗಳಿವೆ. ಮೂರು ಲಕ್ಷ ವರ್ಷದ ನಮ್ಮ ಜಾತಿ ಹುಟ್ಟಿ, ಬೆಂಕಿ ಹಚ್ಚಿ, ಊರು ಕಟ್ಟಿ, ಲೋಕಾಪುರದಲ್ಲಿ ಲಾರಿ ಓಡಿಸಿದ್ದೆಲ್ಲ ಕೊನೆಯ ಎರಡು ವಚನದೊಳಗೇ ಮುಗಿಯುತ್ತದೆ. ಹುಡುಗಿ ಆ ಎರಡು ವಚನಕ್ಕೆ ಬೆರಳಿಟ್ಟುಕೊಂಡು ಬಹಳ ಹೊತ್ತು ಕೂತಿದ್ದಳು. “ಮತ್ತ ವಿಶ್ವಕ್ಕ ಎಷ್ಟ್ ಬೈಬಲ್ ಬೇಕು?” ಅಂದಳು. 1,380 ಕೋಟಿ ವರ್ಷ. ಇಂಥ ಮೂರು.

ಆಗ ಅವಳಿಗೆ ಲೆಮೈತ್ರ್ ಅವರ ಕತೆ ಹೇಳಿದೆ. ಜಾರ್ಜ್ ಲೆಮೈತ್ರ್, ಬೆಲ್ಜಿಯಂನ ಕ್ಯಾಥೊಲಿಕ್ ಪಾದ್ರಿ. 1923ರಲ್ಲಿ ದೀಕ್ಷೆ ಪಡೆದವರು. 1927ರಲ್ಲಿ, ವಿಶ್ವ ಹಿಗ್ಗುತ್ತಿದೆ ಅಂತ ಐನ್‌ಸ್ಟೈನರ ಸಮೀಕರಣಗಳಿಂದಲೇ ತೋರಿಸಿದರು. 1931ರಲ್ಲಿ, ಹಿಗ್ಗುತ್ತಿರುವುದನ್ನು ಹಿಂದಕ್ಕೆ ಓಡಿಸಿದರೆ ಎಲ್ಲವೂ ಒಂದು ಆದಿ ಅಣುವಿನಿಂದ ಹೊರಟಿರಬೇಕು ಅಂದರು. ನಾವೀಗ ಮಹಾಸ್ಫೋಟ ಅನ್ನುವ ಸಿದ್ಧಾಂತದ ಬೀಜ ಅದು. 1951ರಲ್ಲಿ ಹನ್ನೆರಡನೆಯ ಪಯಸ್ ಪೋಪ್, ನೋಡಿ ವಿಜ್ಞಾನವೂ ಸೃಷ್ಟಿಯನ್ನೇ ಹೇಳುತ್ತಿದೆ ಎಂಬರ್ಥದ ಭಾಷಣ ಮಾಡಿದರು. ಲೆಮೈತ್ರ್ ಖುಷಿಪಡಬೇಕಿತ್ತಲ್ಲವೇ? ಅವರಿಗೆ ಅದು ಹಿಡಿಸಲಿಲ್ಲ. ತನ್ನ ಲೆಕ್ಕ ಭೌತಶಾಸ್ತ್ರದ್ದು, ಅದು ನಾಳೆ ಸರಿ ಅಥವಾ ತಪ್ಪು ಅಂತ ಆಗುವುದು ದೂರದರ್ಶಕದ ಮುಂದೆ. ಅದನ್ನು ನಂಬಿಕೆಗೆ ಊರುಗೋಲು ಮಾಡಬೇಡಿ ಅನ್ನುವುದು ಅವರ ನಿಲುವು. ಊರುಗೋಲು ಮುರಿದರೆ ನಂಬಿಕೆಯೂ ಬೀಳುತ್ತದಲ್ಲ.

ನನಗೆ ಅವರ ಮೇಲೆ ಇಷ್ಟು ಪ್ರೀತಿ ಬರಲು ಇನ್ನೊಂದು ಕಾರಣವಿದೆ. ಅವರಿಗೆ ಲೆಕ್ಕದ ಯಂತ್ರಗಳ ಹುಚ್ಚು. ಕೈಯಿಂದ ನಡೆಸುವ ಗಣಕಗಳಲ್ಲಿ ವರ್ಷಗಟ್ಟಲೆ ಲೆಕ್ಕ ಹಾಕಿದವರು, 1958ರಲ್ಲಿ ಅವರ ಲುವೆನ್ ವಿಶ್ವವಿದ್ಯಾಲಯಕ್ಕೆ ಬಂದ ಮೊದಲ ಎಲೆಕ್ಟ್ರಾನಿಕ್ ಕಂಪ್ಯೂಟರ್ ಬರೋಸ್ ಇ-101ರ ಹಿಂದೆ ಬಿದ್ದರು. ಆಗ ಅವರಿಗೆ ಅರವತ್ತು ದಾಟಿತ್ತು. ಆ ವಯಸ್ಸಿನಲ್ಲಿ ಪಾದ್ರಿ ಪ್ರೋಗ್ರಾಂ ಬರೆಯುತ್ತಾ ಕೂತಿದ್ದನ್ನು ನೆನೆಸಿಕೊಂಡರೆ ನನ್ನ ಮೇಜು ಅಷ್ಟೇನೂ ವಿಚಿತ್ರ ಅನ್ನಿಸುವುದಿಲ್ಲ. ಅವರ ಸಿದ್ಧಾಂತಕ್ಕೆ ದೊಡ್ಡ ಸಾಕ್ಷಿಯಾದ ವಿಶ್ವದ ಹಿನ್ನೆಲೆ ವಿಕಿರಣ ಸಿಕ್ಕಿದ ಸುದ್ದಿ 1966ರಲ್ಲಿ ಸಾಯುವ ಸ್ವಲ್ಪ ಮುಂಚೆ ಅವರ ಕಿವಿಗೆ ಬಿತ್ತು.

ಅಷ್ಟು ದೂರ ಯಾಕೆ, ನಮ್ಮ ಕಲ್ಲಿಗೆ ಕಲಾದಗಿಯ ಹೆಸರು ಬರೆದವರ ಮನೆಯಲ್ಲೇ ಇವೆರಡೂ ಇದ್ದವು. ರಾಬರ್ಟ್ ಬ್ರೂಸ್ ಫೂಟ್, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಗೆ 1858ರಲ್ಲಿ ಸೇರಿ ನಮ್ಮ ಸೀಮೆಯನ್ನೆಲ್ಲ ಸುತ್ತಿ 1876ರಲ್ಲಿ ದಕ್ಷಿಣ ಮರಾಠಾ ಪ್ರದೇಶದ ಭೂರಚನೆಯ ವರದಿ ಪ್ರಕಟಿಸಿದವರು. ಮದ್ರಾಸಿನ ಹತ್ತಿರದ ಪಲ್ಲಾವರದಲ್ಲಿ 1863ರಲ್ಲಿ ಆದಿಮಾನವನ ಕಲ್ಲಿನ ಕೊಡಲಿ ಕಂಡವರೂ ಇವರೇ. ಇವರ ಮಾವ ಪೀಟರ್ ಪರ್ಸಿವಲ್ ಮಿಷನರಿ, ಜಾಫ್ನಾದಲ್ಲಿ ಬೈಬಲನ್ನು ತಮಿಳಿಗೆ ಅನುವಾದ ಮಾಡಿಸಿದವರು. ಅಳಿಯ ಕಲ್ಲು ಓದುತ್ತಿದ್ದ, ಮಾವ ಗ್ರಂಥ ಓದುತ್ತಿದ್ದ. ಊಟದ ಹೊತ್ತಿಗೆ ಏನು ಮಾತಾಡಿಕೊಳ್ಳುತ್ತಿದ್ದರೋ!

ಹುಡುಗಿಗೆ ನಾನು ಹೇಳಿದ್ದು ಇಷ್ಟು. ಕಲ್ಲು ಯಾವಾಗ, ಹೇಗೆ ಆಯಿತು ಅಂತ ಕೇಳಬೇಕಾದ್ದು ಕಲ್ಲನ್ನೇ. ಅದು ಚೆನ್ನಾಗಿ ಹೇಳುತ್ತದೆ. ಆದಿಕಾಂಡದ ಮೊದಲ ಅಧ್ಯಾಯವನ್ನು ನಾನು ಹಾಡಿನಂತೆ ಓದುತ್ತೇನೆ, ಅದರಲ್ಲಿ ಪಲ್ಲವಿಯಂತೆ ಸಾಯಂಕಾಲ, ಪ್ರಾತಃಕಾಲ ಮತ್ತೆ ಮತ್ತೆ ಬರುತ್ತದೆ. ಹಾಡಿಗೆ ಗಡಿಯಾರ ಹಿಡಿಯುವುದು ನನಗೆ ಒಪ್ಪಿಗೆಯಿಲ್ಲ. ಇದು ನನ್ನ ಓದು, ನಮ್ಮ ಸಭೆಯಲ್ಲಿ ಎಲ್ಲರದ್ದೂ ಅಲ್ಲ. ನೀನು ದೊಡ್ಡವಳಾದ ಮೇಲೆ ನಿನ್ನದು ಬೇರೆಯಾಗಬಹುದು. ಆದರೆ ಕಲ್ಲನ್ನು ಮಾತ್ರ ಹೊರಗಿಡಬೇಡ.

ಹಳೇ ಅನುವಾದದ ಮಾತುಗಳಲ್ಲಿ ಅವಳಿಗೆ ಅರ್ಧ ಗೊತ್ತಾಗುತ್ತಿರಲಿಲ್ಲ. ಅದಕ್ಕೆ ಪೆಟ್ಟಿಗೆಯೊಳಗೇ ಕಿಟೆಲ್ ಅವರ ನಿಘಂಟನ್ನೂ ಸೇರಿಸಿದೆ. ಮನೆಯ ವೈಫೈನಲ್ಲಿ ಮೊಬೈಲಿನಿಂದ ನೋಡಬಹುದು. ಫರ್ಡಿನಂಡ್ ಕಿಟೆಲ್ 1853ರಲ್ಲಿ ಬಾಸೆಲ್ ಮಿಷನ್ನಿನಿಂದ ಧರ್ಮಪ್ರಚಾರಕ್ಕೆ ಬಂದವರು. ಬಂದ ಕೆಲಸಕ್ಕಿಂತ ಕನ್ನಡ ಅವರನ್ನು ಹೆಚ್ಚು ಹಿಡಿದುಕೊಂಡಿತು. ಕೇಶಿರಾಜನ ಶಬ್ದಮಣಿದರ್ಪಣ, ನಾಗವರ್ಮನ ಛಂದೋಂಬುಧಿ ಸಂಪಾದಿಸಿ, 1894ರಲ್ಲಿ ಸುಮಾರು 70,000 ಶಬ್ದಗಳ ನಿಘಂಟು ಮುಗಿಸಿದರು. ಹದಿನೇಳುನೂರಕ್ಕೂ ಹೆಚ್ಚು ಪುಟ. ನಾನು ಮಾಡಿದ್ದು ಸಣ್ಣ ಕೆಲಸ: ಸ್ಕ್ಯಾನ್ ಆದ ಪುಟಗಳ ಚಿತ್ರ ಇಟ್ಟು, ಪ್ರತಿ ಪುಟದ ಮೊದಲ ಶಬ್ದ ಟೈಪ್ ಮಾಡಿದೆ. ಹುಡುಕಿದರೆ ಸರಿಯಾದ ಪುಟ ತೆರೆಯುತ್ತದೆ.

ಟೈಪ್ ಮಾಡುವಾಗ ೞ ಅನ್ನುವ ಅಕ್ಷರ ಸಿಕ್ಕಿತು. ಹಳಗನ್ನಡದ್ದು. ನಮ್ಮ ಬಾಳು, ಏಳು, ಕೋಳಿಯಲ್ಲಿರುವ ಳ ಮೊದಲು ಇದೇ ಆಗಿತ್ತು. ಕಂಪ್ಯೂಟರುಗಳಿಗೆಲ್ಲ ಅಕ್ಷರಗಳ ಪಟ್ಟಿ ಮಾಡಿದ ಯುನಿಕೋಡ್‌ನಲ್ಲಿ ಇದಕ್ಕೂ ಜಾಗವಿದೆ, ಆದರೆ ಹೆಸರು ಮಾತ್ರ ‘ಕನ್ನಡ ಅಕ್ಷರ ಫ’ ಅಂತ! ಪಟ್ಟಿ ಮಾಡುವಾಗ ಆದ ಎಡವಟ್ಟು. ತಿದ್ದಲಿಕ್ಕೂ ಆಗುವುದಿಲ್ಲ, ಒಮ್ಮೆ ಇಟ್ಟ ಹೆಸರು ಎಂದಿಗೂ ಬದಲಿಸಬಾರದು ಅಂತ ಅವರ ನಿಯಮ. ಪಕ್ಕದಲ್ಲಿ ಇದು ತಪ್ಪು ಹೆಸರು ಅಂತ ಟಿಪ್ಪಣಿ ಬರೆದಿದ್ದಾರೆ. ನಮ್ಮ ಅಪ್ಪನಿಗೆ ಇದು ಬಹಳ ಹಿಡಿಸಿತು. “ಮೂಲಾ ಮುಟ್ಟಬ್ಯಾಡ್ರಿ, ಬಾಜೂಕ ಅರ್ಥಾ ಬರೀರಿ. ಶಾಸ್ತ್ರಾನೂ ಹಂಗ ಉಳದಾವು” ಅಂದರು. ಅಣ್ಣ ಅಲ್ಲೇ ಊಟ ಮಾಡುತ್ತಿದ್ದ. ತಲೆ ಎತ್ತದೆ, “ಬಾಜೂಕ ಬರಿಯಾಕ ಬಿಟ್ರ ಸಾಕಾಗಿತ್ತು” ಅಂದ. ಅಪ್ಪ ಏನೂ ಹೇಳಲಿಲ್ಲ. ಆದರೆ ಎದ್ದೂ ಹೋಗಲಿಲ್ಲ.

ಮಗಳು ಲೆಕ್ಕದ ಹಾಳೆ ತೋರಿಸಿದ ಮೇಲೆ ಅಣ್ಣ ತಾನಾಗಿ ನನ್ನ ಹತ್ತಿರ ಬಂದ. “ಅಜ್ಜಿ ಕೇಳಿದ್ಲಂತಲ್ಲ. ಒಂದ ಓದ್ತೀನಿ. ಪ್ರಾರ್ಥನಿ ಗೀರ್ಥನಿ ಮಾಡಂಗಿಲ್ಲ ನೋಡು.” ಯಾವುದು ಓದುತ್ತೀ ಅಂದರೆ ನೀನೇ ಹೇಳು ಅಂದ. ಯೋಬನ ಗ್ರಂಥದ 28ನೆಯ ಅಧ್ಯಾಯ ಕೊಟ್ಟೆ. ಬಹಳ ಜನಕ್ಕೆ ಗೊತ್ತಿಲ್ಲ, ಬೈಬಲಿನಲ್ಲಿ ಗಣಿ ಕೆಲಸದ ಮೇಲೇ ಒಂದು ಅಧ್ಯಾಯವಿದೆ. ಬೆಳ್ಳಿ, ಕಬ್ಬಿಣ, ತಾಮ್ರ ತೆಗೆಯುವವರು ಕತ್ತಲೆಗೆ ಕೊನೆ ಹುಡುಕಿಕೊಂಡು ಇಳಿಯುವುದು, ಜನರಿಲ್ಲದ ಕಡೆ ಹಗ್ಗಕ್ಕೆ ಜೋತುಬಿದ್ದು ತೂಗಾಡುವುದು, ಬೆಟ್ಟದ ಬುಡ ಬಗೆಯುವುದು, ಹದ್ದಿನ ಕಣ್ಣಿಗೂ ಬೀಳದ ದಾರಿ, ಎಲ್ಲ ಇದೆ. ಇಷ್ಟೆಲ್ಲ ಅಗೆದು ತೆಗೆಯುವ ಮನುಷ್ಯನಿಗೆ ಜ್ಞಾನ ಎಲ್ಲಿ ಸಿಕ್ಕೀತು ಅನ್ನುವುದು ಮುಂದಿನ ಪ್ರಶ್ನೆ. ಅಣ್ಣ ಮೊದಲು ಮನಸ್ಸಿನಲ್ಲೇ ಓದಿಕೊಂಡ. “ಇದನ್ ಬರದಾಂವ ಗಣಿ ನೋಡ್ಯಾನ” ಅಂದ. ಮತ್ತೊಮ್ಮೆ ಓದಿದ. “ಮೈನಿಂಗ್ ಬಲ್ಲಾಂವ ಅದಾನ ಬಿಡು.”

ಕಂಬಳಿಯೊಳಗೆ ಕೂರಲು ಒಪ್ಪಲಿಲ್ಲ. ಪಡಸಾಲೆಯಲ್ಲೇ ಓದಿದ, ನಡುವೆ ಒಂದು ಲಾರಿ ಹೋದ ಸದ್ದು ಇದೆ, ನಾನು ಅಳಿಸಲಿಲ್ಲ. ಬೆಳಗ್ಗೆ ಅಜ್ಜಿ ಹಳದಿ ಒತ್ತಿದಳು. ಎರಡು ಸಾಲಿಗೇ ಗುರುತು ಹಿಡಿದಳು. ನಡುವೆ ಲಾರಿ ಬಂದಾಗ, “ಕೆಲಸದ ಮ್ಯಾಲಿದ್ದಾಗ ಓದ್ಯಾನೇನ?” ಅಂದಳು. ಅಷ್ಟೇ. ಅಳಲಿಲ್ಲ, ಹರಸಲಿಲ್ಲ. ಮುಗಿದ ಮೇಲೆ ಹಸಿರು ಒತ್ತಿ ತನ್ನ ಎಂದಿನ ಜಾಗಕ್ಕೆ ಹೋದಳು.

ಪೆನ್ ಡ್ರೈವಿನ ದಾಖಲೆಯನ್ನು ನಾನು ವಾರಕ್ಕೊಮ್ಮೆ ನೋಡುತ್ತೇನೆ, ಗುಂಡಿಗಳು ಸರಿಯಾಗಿ ಕೆಲಸ ಮಾಡುತ್ತಿವೆಯೋ ಅಂತ. ಆ ವಾರ ಯೋಬ 28 ಒಟ್ಟು ನಾಲ್ಕು ಸಲ ಕೇಳಲಾಗಿತ್ತು. ಒಂದು ಬೆಳಗ್ಗೆ ಐದು ಗಂಟೆ ಹತ್ತು ನಿಮಿಷಕ್ಕೆ. ಉಳಿದ ಮೂರು ಬೇರೆ ಬೇರೆ ದಿನ, ರಾತ್ರಿ ಹನ್ನೊಂದೂವರೆಯ ಆಸುಪಾಸಿಗೆ. ಅಜ್ಜಿ ಒಂಬತ್ತಕ್ಕೇ ಮಲಗುತ್ತಾಳೆ. ಅಣ್ಣನಿಗೆ ಆ ವಾರ ರಾತ್ರಿ ಪಾಳಿ ಇತ್ತು. ಗಡಿಯಾರದ ಚಿಪ್ ಸರಿಯಿದೆಯೇ ಅಂತ ಪರೀಕ್ಷಿಸಿದೆ, ಸರಿಯಿತ್ತು. ಪಡಸಾಲೆಯಲ್ಲಿ ಮಲಗುವವರು ಅಪ್ಪ ಒಬ್ಬರೇ. ನಾನು ಕೇಳಲು ಹೋಗಲಿಲ್ಲ.

ಇಲ್ಲಿಯವರೆಗೆ 940 ಅಧ್ಯಾಯ ಆಗಿವೆ, 249 ಬಾಕಿ. ಅಣ್ಣ ಆಮೇಲೆ ಇನ್ನೂ ಆರು ಓದಿಕೊಟ್ಟಿದ್ದಾನೆ. ದೇವಾಲಯಕ್ಕೆ ಮಾತ್ರ ಬಂದಿಲ್ಲ, ಬಾ ಅಂತ ಯಾರೂ ಕರೆದೂ ಇಲ್ಲ. ಹಸಿರು ಗುಂಡಿಯ ಸ್ಪ್ರಿಂಗ್ ಸಡಿಲವಾಗಿದೆ, ಮಳೆಗಾಲಕ್ಕೆ ಮುಂಚೆ ಬದಲಿಸಬೇಕು. ಪೂರ್ವಕಾಲವೃತ್ತಾಂತ ಮೊದಲ ಭಾಗದ ಮೊದಲ ಒಂಬತ್ತು ಅಧ್ಯಾಯ ಬರೀ ವಂಶಾವಳಿ, ಹೆಸರಿನ ಮೇಲೆ ಹೆಸರು. ಅದನ್ನು ಓದಲು ಮನೆಯಲ್ಲಿ ಯಾರೂ ತಯಾರಿರಲಿಲ್ಲ. ಹುಬ್ಬಳ್ಳಿಯ ಅತ್ತೆ ನೆಟ್‌ವರ್ಕ್ ಇಲ್ಲ ಅಂದುಬಿಟ್ಟಳು. ಕೊನೆಗೆ ಅಣ್ಣನ ಮಗಳು ಒಪ್ಪಿಕೊಂಡಿದ್ದಾಳೆ, ಅಧ್ಯಾಯಕ್ಕೆ ಒಂದು ಐಸ್‌ಕ್ರೀಮಿನಂತೆ. ಮುಂಗಡವಾಗಿ ಎರಡು ತಿಂದೂ ಆಗಿದೆ.